ನೋವಿನ ಬೆಲೆಯೋ, ಜೇಬಿನ ಅಳತೆಯೋ?

“ನಿಮ್ಮ ಕೀಲುನೋವು ಸಂಪೂರ್ಣ ವಾಸಿಯಾಗುವುದಾದರೆ ತಿಂಗಳಿಗೆ ಎಷ್ಟು ಹಣ ಕೊಡಲು ತಯಾರಿದ್ದೀರಿ?”

ಸಂಧಿವಾತದಿಂದ ಬೆರಳು ಮಡಿಸಲಾಗದೆ ಕುಳಿತವರ ಮುಂದೆ ಇಂಥದೊಂದು ಪ್ರಶ್ನೆ ಇಟ್ಟರೆ ಏನು ಉತ್ತರ ಬಂದೀತು? ಕೆಲವರು ನಕ್ಕು ಸುಮ್ಮನಾದಾರು. ಕೆಲವರು “ಇದ್ದದ್ದನ್ನೆಲ್ಲ ಕೊಟ್ಟೇನು” ಎಂದಾರು. ಇನ್ನು ಕೆಲವರು “ಮಗನನ್ನು ಕೇಳಿ ಹೇಳುತ್ತೇನೆ” ಎಂದು ಮುಖ ತಿರುಗಿಸಿಯಾರು. ಮೇಲ್ನೋಟಕ್ಕೆ ಕುಚೋದ್ಯದಂತೆ ಕಾಣುವ ಈ ಪ್ರಶ್ನೆ ಆರೋಗ್ಯ ಅರ್ಥಶಾಸ್ತ್ರದಲ್ಲಿ ನಾಲ್ಕು ದಶಕಗಳಿಂದ ಬಳಕೆಯಲ್ಲಿರುವ ಗಂಭೀರ ಅಳತೆಗೋಲು. ‘ಪಾವತಿಸುವ ಇಚ್ಛೆ’ ಎಂಬುದು ಅದರ ಶಾಸ್ತ್ರೀಯ ಹೆಸರು. ಬಂದ ಉತ್ತರಗಳನ್ನು ಕೂಡಿಸಿ, ಸರಾಸರಿ ತೆಗೆದು, ಯಾವ ಚಿಕಿತ್ಸೆಗೆ ಸರ್ಕಾರ ಹಣ ಹಾಕುವುದು ಲಾಭದಾಯಕ, ಯಾವ ಔಷಧಕ್ಕೆ ಎಷ್ಟು ದರ ಇಟ್ಟರೆ ಮಾರುಕಟ್ಟೆ ತಾಳಿಕೊಂಡೀತು ಎಂಬ ಲೆಕ್ಕ ಹಾಕಲಾಗುತ್ತದೆ.

ಕೇಳಬೇಕಾದ ಪ್ರಶ್ನೆ ಇಷ್ಟೇ. ಆ ಉತ್ತರದಲ್ಲಿ ಇರುವುದು ರೋಗಿಯ ನೋವಿನ ಬೆಲೆಯೋ, ರೋಗಿಯ ಜೇಬಿನ ಅಳತೆಯೋ? ಇವೆರಡನ್ನೂ ಬೇರ್ಪಡಿಸದೆ ನೀತಿ ರೂಪಿಸಿದರೆ ಬಡವರ ನೋವು ಸರ್ಕಾರಿ ಕಡತದಲ್ಲಿ ತಾನಾಗಿಯೇ ಸಣ್ಣದಾಗಿಬಿಡುತ್ತದೆ. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿತು. ಮುಪ್ಪಿನ ಕಾಯಿಲೆಗಳ ಖರ್ಚನ್ನು ಯಾರು, ಎಷ್ಟು ಹೊರಬೇಕೆಂಬ ಚರ್ಚೆ ಆದ್ದರಿಂದ ಇನ್ನು ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಆ ಚರ್ಚೆಗೆ ಇಳಿಯುವ ಮೊದಲು ಅಳತೆಗೋಲನ್ನೇ ಒಮ್ಮೆ ಪರೀಕ್ಷಿಸುವುದು ಲೇಸು.

ಎರಡು ಕಾಯಿಲೆ, ಒಂದೇ ಹೆಸರು

ನಮ್ಮ ಜನ ‘ವಾತದ ನೋವು’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಒಂದು, ವಯಸ್ಸಾದಂತೆ ಕೀಲಿನ ಮೃದ್ವಸ್ಥಿ ಸವೆದು ಬರುವ ಆಸ್ಟಿಯೋ ಆರ್ಥ್ರೈಟಿಸ್. ಇದು ಹೆಚ್ಚಾಗಿ ಕಾಡುವುದು ಮಂಡಿಯನ್ನು. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರೀಕ್ಷೆಗೊಳಗಾದವರಲ್ಲಿ ಶೇ. 28.7ರಷ್ಟು ಮಂದಿಗೆ ಮಂಡಿ ಸವೆತವಿರುವುದನ್ನು ಗುರುತಿಸಿತ್ತು.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಮುಪ್ಪಿಗಾಗಿ ಕಾಯುವುದಿಲ್ಲ, ಮೂವತ್ತು, ನಲವತ್ತರ ವಯಸ್ಸಿನಲ್ಲೇ ಬೆರಳಿನ ಸಣ್ಣ ಕೀಲುಗಳಿಂದ ಆರಂಭವಾಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಪುಣೆ ಸಮೀಪದ ಭಿಗ್ವಣ್ ಗ್ರಾಮದ ಸಮೀಕ್ಷೆ ವಯಸ್ಕರಲ್ಲಿ ಸುಮಾರು ಶೇ. 0.5 ಮಂದಿಗೆ ಈ ಕಾಯಿಲೆ ಇದೆಯೆಂದು ಹೇಳಿದರೆ, ಹರಿಯಾಣದ ಬಲ್ಲಭಗಢ ಸೀಮೆಯಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ ಶೇ. 0.75 ಎಂದಿತು. 2023ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದ ಮತದಾರರ ಸಂಖ್ಯೆ ಸುಮಾರು 5.3 ಕೋಟಿ. ಕಡಿಮೆ ಪ್ರಮಾಣವನ್ನೇ ಅನ್ವಯಿಸಿ ಅಂದಾಜು ಮಾಡಿದರೂ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಈ ರೋಗದಿಂದ ನರಳುತ್ತಿರಬೇಕು. ಇದು ಸಣ್ಣ ಸಂಖ್ಯೆಯಲ್ಲ.

ಈ ಕಾಯಿಲೆ ಸಾಮಾನ್ಯವಾಗಿ ತಕ್ಷಣ ಕೊಲ್ಲುವುದಿಲ್ಲ. ಅದೇ ಅದರ ದುರದೃಷ್ಟ ಕೂಡ. ಸಾವಿನ ಲೆಕ್ಕದಲ್ಲಿ ಕಾಣದ ರೋಗಕ್ಕೆ ಸರ್ಕಾರದ ಆದ್ಯತಾ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ. ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಹೆಸರಿನಲ್ಲೇ ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ಇದ್ದವು; ಸಂಧಿವಾತ ಇರಲಿಲ್ಲ. ಬಾವಿಯಿಂದ ನೀರು ಸೇದಲಾಗದ, ರವಿಕೆಯ ಗುಂಡಿ ಹಾಕಿಕೊಳ್ಳಲಾಗದ, ನೆಲದ ಮೇಲೆ ಕುಳಿತರೆ ಏಳಲಾಗದ ಕಷ್ಟವನ್ನು ಯಾವ ಅಂಕಿಅಂಶ ಹಿಡಿದಿಟ್ಟೀತು? ಈ ಕಷ್ಟಕ್ಕೂ ರೂಪಾಯಿಯಲ್ಲಿ ಒಂದು ಲೆಕ್ಕ ಸಿಕ್ಕರೆ ಅದನ್ನು ಔಷಧದ ಖರ್ಚಿನ ಎದುರಿಗಿಟ್ಟು ತೂಗಬಹುದು. ‘ಎಷ್ಟು ಕೊಡುವಿರಿ’ ಎಂಬ ಪ್ರಶ್ನೆ ಆರೋಗ್ಯ ಕ್ಷೇತ್ರಕ್ಕೆ ಕಾಲಿಟ್ಟದ್ದು ಈ ಸದುದ್ದೇಶದಿಂದಲೇ.

ಕಾಡಿನಿಂದ ಆಸ್ಪತ್ರೆಗೆ

ಈ ಬಗೆಯ ಪ್ರಶ್ನಾವಳಿ ಮೊದಲು ಬಳಕೆಯಾದದ್ದು ಆಸ್ಪತ್ರೆಯಲ್ಲಲ್ಲ, ಕಾಡಿನಲ್ಲಿ. ಅಮೆರಿಕದ ಮೇನ್ ರಾಜ್ಯದ ಅರಣ್ಯಕ್ಕೆ ವಿಹಾರಕ್ಕೆ ಬರುವವರು ಆ ಕಾಡಿಗೆ ಎಷ್ಟು ಬೆಲೆ ಕಟ್ಟುತ್ತಾರೆಂದು ರಾಬರ್ಟ್ ಡೇವಿಸ್ ಎಂಬ ಸಂಶೋಧಕ 1963ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ ಕೇಳಿದ್ದರು. ಹತ್ತು ವರ್ಷದ ನಂತರ, 1973ರಲ್ಲಿ, ಹೃದಯಾಘಾತದಿಂದ ಜೀವ ಉಳಿಸುವ ಕಾರ್ಯಕ್ರಮಗಳಿಗೆ ಜನ ಎಷ್ಟು ತೆರಬಲ್ಲರೆಂದು ಯಾನ್ ಆಕ್ಟನ್ ಲೆಕ್ಕ ಹಾಕಿದರು. ಅಲ್ಲಿಂದ ಈ ವಿಧಾನ ದೀರ್ಘಕಾಲದ ಕಾಯಿಲೆಗಳಿಗೂ ಹಬ್ಬಿತು.

ಸಂಧಿವಾತದ ಮಟ್ಟಿಗೆ ಇಂದಿಗೂ ಉಲ್ಲೇಖವಾಗುವ ಅಧ್ಯಯನ ಮಾರ್ಕ್ ಥಾಂಪ್ಸನ್ ಅವರದು. 1986ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ನಿಯತಕಾಲಿಕದಲ್ಲಿ ಅದು ಪ್ರಕಟವಾಯಿತು. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ 247 ಮಂದಿಗೆ ಅವರು ಎರಡು ಪ್ರಶ್ನೆ ಕೇಳಿದರು. ರೋಗ ಪೂರ್ತಿ ವಾಸಿಯಾಗುವುದಾದರೆ ಮನೆಯ ಆದಾಯದಲ್ಲಿ ಎಷ್ಟು ಪಾಲು ಕೊಡುತ್ತೀರಿ? ಮತ್ತು, ವಾಸಿ ಮಾಡುವ ಆ ಚಿಕಿತ್ಸೆಯಲ್ಲಿ ಸಾಯುವ ಸಂಭವವೂ ಇದ್ದರೆ ಎಷ್ಟರ ಮಟ್ಟಿಗಿನ ಅಪಾಯಕ್ಕೆ ಒಪ್ಪುತ್ತೀರಿ? ಸರಾಸರಿ ಉತ್ತರ ಹೀಗಿತ್ತು: ಆದಾಯದ ಶೇ. 22 ಕೊಡುತ್ತೇವೆ, ಶೇ. 27ರಷ್ಟು ಸಾವಿನ ಅಪಾಯಕ್ಕೂ ಸಿದ್ಧರಿದ್ದೇವೆ.

ಎರಡನೆಯ ಸಂಖ್ಯೆಯ ಮುಂದೆ ಓದುಗರು ಒಂದು ಕ್ಷಣ ನಿಲ್ಲಬೇಕು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸಾಯಬಹುದಾದ ಚಿಕಿತ್ಸೆಗೂ ಒಪ್ಪಿಗೆ! ‘ವಯಸ್ಸಾಯಿತು, ಕೀಲು ನೋಯುತ್ತದೆ, ಎಣ್ಣೆ ಹಚ್ಚಿಕೊಳ್ಳಿ’ ಎಂದು ನಾವು ಹಗುರವಾಗಿ ಹೇಳುವ ಕಾಯಿಲೆಯ ಒಳಗಿನ ಸಂಕಟ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇದು ಸದ್ಯಕ್ಕೆ ಸಿಗಲಾರದ, ಕಾಲ್ಪನಿಕ ಚಿಕಿತ್ಸೆಯ ಬಗೆಗಿನ ಉತ್ತರ ಎಂಬುದು ನಿಜ. ಆದರೂ ಪ್ರಶ್ನೆ ಕೇಳಿದ್ದರಿಂದಲೇ ಈ ಸತ್ಯ ಹೊರಬಿತ್ತು ಎಂಬುದನ್ನು ಅಳತೆಗೋಲಿನ ಟೀಕಾಕಾರರೂ ಒಪ್ಪಬೇಕು.

ಕೇಳುವ ಬಗೆಯಲ್ಲೇ ಉತ್ತರ

ಹಾಗಾದರೆ ತೊಡಕು ಎಲ್ಲಿದೆ? ಮೊದಲ ತೊಡಕು ಕೇಳುವ ಬಗೆಯಲ್ಲಿದೆ. ‘ಎಷ್ಟು ಕೊಡುತ್ತೀರಿ’ ಎಂದು ನೇರವಾಗಿ ಕೇಳಿದರೆ ಬಹುಮಂದಿಗೆ ಉತ್ತರ ಹೊಳೆಯುವುದಿಲ್ಲ. ಚೌಕಾಸಿಯಂತೆ ‘ಸಾವಿರ ಕೊಡುವಿರಾ? ಎರಡು ಸಾವಿರ?’ ಎಂದು ಏರಿಸುತ್ತಾ ಹೋದರೆ ಮೊದಲು ಹೇಳಿದ ಸಂಖ್ಯೆಯೇ ಮನಸ್ಸನ್ನು ಹಿಡಿದುಕೊಳ್ಳುತ್ತದೆ. ಐನೂರರಿಂದ ಆರಂಭಿಸಿದರೆ ಒಂದು ಉತ್ತರ, ಐದು ಸಾವಿರದಿಂದ ಆರಂಭಿಸಿದರೆ ಇನ್ನೊಂದು. ಸಂತೆಯಲ್ಲಿ ಸೀರೆ ಕೊಂಡವರಿಗೆಲ್ಲ ಈ ಮರ್ಮ ಗೊತ್ತು. ಬೇರೆ ಬೇರೆ ಮೊತ್ತಗಳನ್ನು ಬರೆದ ಚೀಟಿ ತೋರಿಸಿ ಒಂದನ್ನು ಆರಿಸಲು ಹೇಳುವುದು ಮೂರನೆಯ ದಾರಿ. ಒಂದೇ ಮೊತ್ತ ಹೇಳಿ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಉತ್ತರ ಪಡೆಯುವುದು ನಾಲ್ಕನೆಯದು.

ಎರಡನೆಯ ತೊಡಕು ಇನ್ನೂ ಆಳವಾದುದು. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಅಲಾಸ್ಕಾ ಕಡಲಲ್ಲಿ ತೈಲ ಚೆಲ್ಲಿದಾಗ ಪ್ರಕೃತಿಗಾದ ನಷ್ಟವನ್ನು ಡಾಲರುಗಳಲ್ಲಿ ಅಳೆಯುವ ಪ್ರಶ್ನೆ ಎದ್ದು, ಈ ವಿಧಾನದ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ಆ ದಿನಗಳಲ್ಲಿ ನಡೆದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ತೈಲದ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುವಿರಿ ಎಂದು ಮೂರು ಗುಂಪುಗಳನ್ನು ಕೇಳಲಾಯಿತು. ಒಂದು ಗುಂಪಿಗೆ 2,000 ಹಕ್ಕಿ, ಇನ್ನೊಂದಕ್ಕೆ 20,000, ಮತ್ತೊಂದಕ್ಕೆ 2 ಲಕ್ಷ ಎಂದು ಹೇಳಲಾಗಿತ್ತು. ಸರಾಸರಿ ಉತ್ತರಗಳು ಕ್ರಮವಾಗಿ 80, 78 ಮತ್ತು 88 ಡಾಲರ್! ಹಕ್ಕಿಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೂ ಜನ ಕೊಡುವ ಹಣ ಹೆಚ್ಚಲಿಲ್ಲ. ಅಂದರೆ ಅವರು ಹಕ್ಕಿಗಳನ್ನು ಎಣಿಸಿ ಬೆಲೆ ಕಟ್ಟಲಿಲ್ಲ. ಒಂದು ಒಳ್ಳೆಯ ಕೆಲಸಕ್ಕೆ ಇಷ್ಟು ಚಂದಾ ಎಂದು ಮನಸ್ಸಿನಲ್ಲೇ ನಿಗದಿ ಮಾಡಿಕೊಂಡರು.

ಕೆನೆತ್ ಆರೋ ಮತ್ತು ರಾಬರ್ಟ್ ಸೊಲೊ ಎಂಬ ಇಬ್ಬರು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರ ನೇತೃತ್ವದ ಸಮಿತಿ 1993ರಲ್ಲಿ ಈ ವಿಧಾನವನ್ನು ತಳ್ಳಿಹಾಕಲಿಲ್ಲ. ಆದರೆ ಷರತ್ತು ಹಾಕಿತು. ಮತ ಹಾಕುವಂತೆ ಹೌದು–ಇಲ್ಲ ಎಂದು ಕೇಳಬೇಕು. ಈ ಹಣ ಕೊಟ್ಟರೆ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತದೆಂದು ಉತ್ತರಿಸುವವರಿಗೆ ನೆನಪಿಸಬೇಕು ಎಂದಿತು. ಕೀಲುನೋವಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ನೋವು ಅರ್ಧದಷ್ಟು ಇಳಿಯುವುದಕ್ಕೂ ಪೂರ್ತಿ ಹೋಗುವುದಕ್ಕೂ ರೋಗಿ ಒಂದೇ ಮೊತ್ತ ಹೇಳಿದರೆ ಆ ಸಂಖ್ಯೆಯನ್ನು ನೆಚ್ಚಿ ಔಷಧ ಆರಿಸುವುದು ಹೇಗೆ?

ಹಾಸಿಗೆ ಇದ್ದಷ್ಟು ಕಾಲು

ಪ್ರಶ್ನಾವಳಿಯನ್ನು ಎಷ್ಟೇ ಜಾಣತನದಿಂದ ರಚಿಸಿದರೂ ಬಗೆಹರಿಯದ ಮೂರನೆಯ ತೊಡಕೊಂದಿದೆ. ನಮ್ಮ ದೇಶದ ಮಟ್ಟಿಗೆ ಅದೇ ಮುಖ್ಯ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ತಿಂಗಳಿಗೆ 12,000 ರೂ. ದುಡಿಯುವ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ ಒಬ್ಬರು. ತಿಂಗಳಿಗೆ ಒಂದು ಲಕ್ಷ ರೂ. ಸಂಬಳದ ಬ್ಯಾಂಕ್ ಅಧಿಕಾರಿ ಇನ್ನೊಬ್ಬರು. ಇಬ್ಬರಿಗೂ ಒಂದೇ ಹಂತದ ರುಮಟಾಯ್ಡ್ ಆರ್ಥ್ರೈಟಿಸ್. ಮೊದಲನೆಯವರು ತಿಂಗಳಿಗೆ 1,500 ರೂ. ಕೊಡುವುದಾಗಿಯೂ, ಎರಡನೆಯವರು 5,000 ರೂ. ಕೊಡುವುದಾಗಿಯೂ ಹೇಳಿದರು ಎನ್ನೋಣ. ರೂಪಾಯಿಯಲ್ಲಿ ನೋಡಿದರೆ ಅಧಿಕಾರಿಯ ನೋವು ಮೂರು ಪಟ್ಟಿಗಿಂತ ದೊಡ್ಡದು. ಆದಾಯದ ಪಾಲಿನಲ್ಲಿ ನೋಡಿದರೆ ಕಾರ್ಮಿಕಳದು ಶೇ. 12.5, ಅಧಿಕಾರಿಯದು ಶೇ. 5. ಅಂದರೆ ಕಾರ್ಮಿಕಳ ನೋವೇ ಎರಡೂವರೆ ಪಟ್ಟು ದೊಡ್ಡದು. ಉತ್ತರಗಳು ಬದಲಾಗಲಿಲ್ಲ, ಲೆಕ್ಕ ಬರೆಯುವವರ ಅಂಕಣ ಬದಲಾಯಿತು, ಅಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಕಾಲು ಎಷ್ಟು ಉದ್ದವಿದೆ ಎಂದು ತಿಳಿಯಬೇಕಾದವರು ಹಾಸಿಗೆಯನ್ನು ಅಳೆದು ಬಂದರೆ ಹೇಗೋ ಹಾಗಿದೆ ರೂಪಾಯಿಯ ಸರಾಸರಿ. ಥಾಂಪ್ಸನ್ ಆದಾಯದ ಪಾಲನ್ನು ಕೇಳಿದ್ದು ಈ ದೃಷ್ಟಿಯಿಂದ ವಿವೇಕದ ನಡೆ. ಆದರೆ ಪಾಲಿಗೂ ಒಂದು ಮಿತಿಯಿದೆ. ಬಾಡಿಗೆ, ಅಕ್ಕಿ, ಮಕ್ಕಳ ಫೀಸು ಕಳೆದ ಮೇಲೆ ಕೈಯಲ್ಲಿ ಏನೂ ಉಳಿಯದ ಮನೆಯಲ್ಲಿ ಶೇ. 5 ಕೂಡ ದೊಡ್ಡ ಮಾತು. ಅಂಥವರು ‘ಏನೂ ಕೊಡಲಾರೆ’ ಎಂದರೆ ನೋವಿಲ್ಲ ಎಂದು ಅರ್ಥವೇ?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನಾನೇಕೆ ಕೊಡಬೇಕು, ಸರ್ಕಾರ ಕೊಡಲಿ’ ಎಂದು ಉತ್ತರಿಸುವವರೂ ಇರುತ್ತಾರೆ. ಇಂಥ ಸೊನ್ನೆಗಳನ್ನು ‘ಪ್ರತಿಭಟನೆಯ ಉತ್ತರ’ ಎಂದು ಹೆಸರಿಸಿ ಲೆಕ್ಕದಿಂದ ಹೊರಗಿಡುವುದು ಸಂಶೋಧಕರಲ್ಲಿ ರೂಢಿಯಲ್ಲಿದೆ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ನ್ನು ಜನ ಸ್ವಂತ ಜೇಬಿನಿಂದ ತೆತ್ತಿದ್ದಾರೆ. 2013–14ರಲ್ಲಿ ಈ ಪ್ರಮಾಣ ಶೇ. 64.2 ಇತ್ತು. ಇಳಿದಿರುವುದು ಸಂತೋಷದ ಸಂಗತಿಯೇ. ಆದರೆ ಈಗಾಗಲೇ ಇಷ್ಟು ತೆತ್ತವರು ‘ಇನ್ನು ಸರ್ಕಾರ ಕೊಡಲಿ’ ಎಂದರೆ ಅದೊಂದು ಅಭಿಪ್ರಾಯ. ಅಳಿಸಿಹಾಕಬೇಕಾದ ತಪ್ಪು ಉತ್ತರವಲ್ಲ.

ಯಾರ ಜೇಬು?

ಪಾಶ್ಚಾತ್ಯ ಪ್ರಶ್ನಾವಳಿ ಒಬ್ಬ ರೋಗಿ, ಒಂದು ಆದಾಯ, ಒಂದು ನಿರ್ಧಾರ ಎಂದು ಭಾವಿಸುತ್ತದೆ. ನಮ್ಮ ಮನೆಗಳ ಕಥೆ ಬೇರೆ. ರುಮಟಾಯ್ಡ್ ಆರ್ಥ್ರೈಟಿಸ್ ಹೆಚ್ಚಾಗಿ ಬರುವುದು ಹೆಂಗಸರಿಗೆ. ಅವರಲ್ಲಿ ಬಹುಮಂದಿಗೆ ಸ್ವಂತ ಆದಾಯವಿಲ್ಲ. ಚಿಕಿತ್ಸೆಯ ಹಣ ಗಂಡನದೋ ಮಗನದೋ ಆಗಿರುತ್ತದೆ. ಮನೆಗೆ ಭಾರವಾಗಬಾರದೆಂದು ನೋವನ್ನೇ ಕಡಿಮೆ ಮಾಡಿ ಹೇಳುವ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ‘ಎಷ್ಟು ಕೊಡುವಿರಿ’ ಎಂಬ ಪ್ರಶ್ನೆಗೆ ಅವರು ಹೇಳುವ ಮೊತ್ತ ತಮ್ಮ ನೋವಿನದಲ್ಲ, ಮನೆಯಲ್ಲಿ ತಮಗಿರುವ ಸ್ಥಾನದ್ದು.

ಹಣ ಬರುವ ದಾರಿಯೂ ಮುಖ್ಯ. ಸಂಬಳದಿಂದ ಕೊಟ್ಟ ಸಾವಿರ ರೂಪಾಯಿಗೂ, ಬಳೆ ಅಡವಿಟ್ಟು ತಂದ ಸಾವಿರ ರೂಪಾಯಿಗೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ ಸಾಲವೂ ‘ಇಚ್ಛೆ’ ಎನಿಸಿಕೊಳ್ಳುತ್ತದೆ. ದೂರದ ತಾಲ್ಲೂಕಿನಿಂದ ತಜ್ಞರನ್ನು ಕಾಣಲು ದೊಡ್ಡ ನಗರಕ್ಕೆ ಬರುವ ಬಸ್ಸಿನ ಖರ್ಚು, ಜೊತೆಗೆ ಬಂದವರ ಕೂಲಿ ನಷ್ಟ – ಇವು ಔಷಧದ ಬೆಲೆಯ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಯಶಸ್ವಿನಿ ಕಲಿಸಿದ ಪಾಠ

ಬಾಯಿಮಾತಿನ ಉತ್ತರ ಬೇಡ, ಜನ ನಿಜವಾಗಿ ಎಷ್ಟು ಕೊಟ್ಟರು ಎಂದು ನೋಡೋಣ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಮೊದಲು ವರ್ಷಕ್ಕೆ ತಲಾ 60 ರೂ. ವಂತಿಗೆ ಇತ್ತು. ತಿಂಗಳಿಗೆ ಐದೇ ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಎರಡನೆಯ ವರ್ಷ ಸಂಖ್ಯೆ 20 ಲಕ್ಷ ಮುಟ್ಟಿತು. 2005ರಲ್ಲಿ ವಂತಿಗೆ 120 ರೂ.ಗೆ ಏರಿದಾಗ ಅದು 15 ಲಕ್ಷಕ್ಕೂ ಕೆಳಗಿಳಿಯಿತು.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ‘ರೈತರು ತಮ್ಮ ಆರೋಗ್ಯಕ್ಕೆ ಹಾಕಿದ ಬೆಲೆ ತಿಂಗಳಿಗೆ ಐದು ರೂಪಾಯಿ, ಹತ್ತು ರೂಪಾಯಿ ಎಂದೊಡನೆ ಅನೇಕರು ಹಿಂದೆ ಸರಿದರು’ ಎಂಬುದು ಒಂದು ಓದು. ‘ವರ್ಷಕ್ಕೆ 60 ರೂಪಾಯಿ ಹೆಚ್ಚಾದುದೂ ಲಕ್ಷಾಂತರ ಮಂದಿಗೆ ತಡೆಯಾಗುವಷ್ಟು ಬಿಗಿಯಾಗಿತ್ತು ಹಳ್ಳಿಯ ಕೈ’ ಎಂಬುದು ಇನ್ನೊಂದು. ಮೊದಲ ಓದು ನಿಜವಾಗಿದ್ದರೆ, ಹೃದಯದ ಶಸ್ತ್ರಚಿಕಿತ್ಸೆ ಬೇಕಾದ ರೈತ ಅದಕ್ಕೆ ಐದು ರೂಪಾಯಿಯ ಬೆಲೆಯನ್ನಷ್ಟೇ ಕಟ್ಟಿದ ಎನ್ನಬೇಕಾಗುತ್ತದೆ. ಅದು ಹಾಸ್ಯಾಸ್ಪದ. ಯೋಜನೆ ನಿಂತದ್ದು ರೈತರ ವಂತಿಗೆಯ ಜೊತೆಗೆ ಸರ್ಕಾರವೂ ಹಣ ಸೇರಿಸಿದ್ದರಿಂದ. 2018ರಲ್ಲಿ ಬೇರೆ ಯೋಜನೆಯಲ್ಲಿ ಲೀನವಾದ ಯಶಸ್ವಿನಿ 2022ರಲ್ಲಿ ಮತ್ತೆ ಜೀವ ಪಡೆದದ್ದೂ ಸರ್ಕಾರದ ಬೆಂಬಲದಿಂದಲೇ.

ಮಾರುವವರ ಕೈಗೆ ಸಿಕ್ಕರೆ

ಈ ಅಳತೆಗೋಲು ಸರ್ಕಾರದ ಕೈಯಲ್ಲಿದ್ದರೆ ಒಂದು ಬಗೆ, ಮಾರುವವರ ಕೈಯಲ್ಲಿದ್ದರೆ ಇನ್ನೊಂದು ಬಗೆ. ನೋವಿನಲ್ಲಿರುವವರು ಎಷ್ಟಾದರೂ ಕೊಡುತ್ತಾರೆ ಎಂಬುದು ವ್ಯಾಪಾರಿಗೆ ಗೊತ್ತಾದರೆ ಬೆಲೆ ನಿಲ್ಲುವುದೆಲ್ಲಿ?

ಮಂಡಿ ಕೀಲು ಬದಲಾವಣೆಯ ಕಥೆ ಇದಕ್ಕೆ ಸಾಕ್ಷಿ. ಬೆಂಗಳೂರು ದಕ್ಷಿಣ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಅನಂತಕುಮಾರ್ ಕೇಂದ್ರದಲ್ಲಿ ರಸಗೊಬ್ಬರ ಮತ್ತು ರಾಸಾಯನಿಕ ಸಚಿವರಾಗಿದ್ದಾಗ, 2017ರ ಆಗಸ್ಟ್ 16ರಂದು, ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಕೃತಕ ಮಂಡಿ ಕೀಲಿಗೆ ಗರಿಷ್ಠ ದರ ಗೊತ್ತುಪಡಿಸಿತು. ಹೆಚ್ಚಾಗಿ ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿನ ಸರಾಸರಿ ಮುದ್ರಿತ ಬೆಲೆ ಅಲ್ಲಿಯವರೆಗೆ ಸುಮಾರು 1.58 ಲಕ್ಷ ರೂ. ಇತ್ತು. ಆದೇಶದ ನಂತರ ಅದು ತೆರಿಗೆ ಬಿಟ್ಟು 54,720 ರೂ.ಗೆ ಇಳಿಯಿತು. ಟೈಟಾನಿಯಂ ಬಗೆಯದು ಸುಮಾರು 2.49 ಲಕ್ಷದಿಂದ 76,600 ರೂ.ಗೆ ಬಂತು.

ಆದೇಶದ ಹಿಂದಿನ ದಿನದವರೆಗೂ ರೋಗಿಗಳು ಒಂದೂವರೆ ಲಕ್ಷ ತೆರುತ್ತಿದ್ದರು. ಮಾರುಕಟ್ಟೆಯ ಭಾಷೆಯಲ್ಲಿ ಅದು ಅವರ ‘ಪಾವತಿಸುವ ಇಚ್ಛೆ’. ನಿಜವಾಗಿ ಅದು ಬೇರೆ ದಾರಿಯಿಲ್ಲದವರ ಅಸಹಾಯಕತೆ. ಬೆಲೆ ಮೂರನೇ ಒಂದರ ಆಸುಪಾಸಿಗೆ ಇಳಿದಾಗ ಯಾರ ನೋವೂ ಮೂರನೇ ಒಂದಕ್ಕೆ ಇಳಿಯಲಿಲ್ಲ. ಆದೇಶ ಮಿತಿ ಹಾಕಿದ್ದು ಕೀಲಿನ ಬೆಲೆಗೆ ಮಾತ್ರ. ಶಸ್ತ್ರಚಿಕಿತ್ಸೆ, ಕೊಠಡಿ, ಪರೀಕ್ಷೆಗಳ ಶುಲ್ಕಕ್ಕಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅಮೆರಿಕದಲ್ಲಿ ಇದೇ ಕಥೆಯ ಇನ್ನೂ ದೊಡ್ಡ ರೂಪ ಕಾಣುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಕೊಡುವ ಅಡಲಿಮುಮಾಬ್ ಚುಚ್ಚುಮದ್ದು ‘ಹ್ಯುಮಿರಾ’ ಹೆಸರಿನಲ್ಲಿ 2003ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಅಂದಿನಿಂದ ಬೆಲೆಯನ್ನು 27 ಬಾರಿ ಏರಿಸಲಾಗಿದೆ, ವಾರ್ಷಿಕ ವೆಚ್ಚ ಸುಮಾರು 77,000 ಡಾಲರ್ ಮುಟ್ಟಿದೆ ಎಂದು ಅಲ್ಲಿನ ಪ್ರತಿನಿಧಿ ಸಭೆಯ ಸಮಿತಿ 2021ರಲ್ಲಿ ವರದಿ ಮಾಡಿತು. ಭಾರತದ ಜೈಡಸ್ ಕ್ಯಾಡಿಲಾ ಕಂಪನಿ 2014ರ ಡಿಸೆಂಬರಿನಲ್ಲೇ ಅದರ ಸದೃಶ ಔಷಧವನ್ನು ಬಿಡುಗಡೆ ಮಾಡಿತ್ತು. ಬೆಲೆ ಅಮೆರಿಕದ ದರದ ಸುಮಾರು ಐದನೇ ಒಂದು, ಒಂದು ಬಾಟಲಿಗೆ 200 ಡಾಲರಿನಷ್ಟು. ಆಗಿನ ವಿನಿಮಯದಲ್ಲಿ 12,000 ರೂ. ಮೀರುತ್ತಿತ್ತು. ಎರಡು ವಾರಕ್ಕೊಂದು ಚುಚ್ಚುಮದ್ದು ಬೇಕು. ಮೇಲಿನ ಉದಾಹರಣೆಯ ಕಾರ್ಮಿಕಳಿಗೆ ಆ ದರದಲ್ಲಿ ಒಂದು ಚುಚ್ಚುಮದ್ದೆಂದರೆ ಇಡೀ ತಿಂಗಳ ದುಡಿಮೆ. ಅಗ್ಗ ಎಂಬ ಮಾತು ಯಾರಿಗೆ ಅಗ್ಗ ಎಂದು ಕೇಳದೆ ಪೂರ್ಣವಾಗುವುದಿಲ್ಲ.

ಬ್ರಿಟನ್ ಹಿಡಿದ ದಾರಿ

ರೋಗಿಯನ್ನು ಕೇಳದೆಯೂ ನಿರ್ಧರಿಸುವ ದಾರಿ ಒಂದಿದೆ. ಬ್ರಿಟನ್ನಿನಲ್ಲಿ 1999ರಲ್ಲಿ ಸ್ಥಾಪನೆಯಾದ ‘ನೈಸ್’ ಎಂಬ ಸಂಸ್ಥೆ (ಬೆಂಗಳೂರಿನ ನೈಸ್ ರಸ್ತೆಗೂ ಇದಕ್ಕೂ ಸಂಬಂಧವಿಲ್ಲ) ಯಾವ ಔಷಧವನ್ನು ಸರ್ಕಾರಿ ವೆಚ್ಚದಲ್ಲಿ ಕೊಡಬೇಕೆಂದು ಶಿಫಾರಸು ಮಾಡುತ್ತದೆ. ಅದು ಕೇಳುವುದು ‘ರೋಗಿ ಎಷ್ಟು ಕೊಡುತ್ತಾನೆ’ ಎಂದಲ್ಲ. ‘ಈ ಔಷಧದಿಂದ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮನಾದ ಲಾಭ ಪಡೆಯಲು ಸಾರ್ವಜನಿಕ ಹಣ ಎಷ್ಟು ಖರ್ಚಾಗುತ್ತದೆ’ ಎಂದು. ಬಹುಕಾಲ 20,000ದಿಂದ 30,000 ಪೌಂಡ್ ಅದರ ಗೆರೆಯಾಗಿತ್ತು. ಈ ಲೆಕ್ಕದಲ್ಲಿ ಶ್ರೀಮಂತರ ಒಂದು ವರ್ಷವೂ ಬಡವರ ಒಂದು ವರ್ಷವೂ ಸಮ.

ಇದರ ಪರಿಣಾಮವನ್ನೂ ನೋಡಿ. 2002ರಲ್ಲಿ ಈ ಸಂಸ್ಥೆ ರುಮಟಾಯ್ಡ್ ಆರ್ಥ್ರೈಟಿಸ್‌ನ ಹೊಸ ಚುಚ್ಚುಮದ್ದುಗಳಿಗೆ ಒಪ್ಪಿಗೆ ನೀಡಿತು. ಆದರೆ ರೋಗ ತೀವ್ರವಾದವರಿಗೆ ಮಾತ್ರ. 2018ರ ನಂತರ ಯುರೋಪಿನಲ್ಲಿ ಅಡಲಿಮುಮಾಬ್‌ನ ಸದೃಶ ಔಷಧಗಳು ಬಂದು ಬೆಲೆ ಕುಸಿಯಿತು. 2021ರಲ್ಲಿ ಮಧ್ಯಮ ಪ್ರಮಾಣದ ರೋಗವಿದ್ದವರಿಗೂ ಅಡಲಿಮುಮಾಬ್ ಸೇರಿದಂತೆ ಮೂರು ಔಷಧಗಳಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಅವರು ಕೀಲು ಇನ್ನಷ್ಟು ಕೆಡುವುದನ್ನು ಕಾಯುತ್ತಾ ಕೂರಬೇಕಾಗಿತ್ತು ಎಂಬುದು ಈ ಪದ್ಧತಿಯ ಕ್ರೂರ ಮುಖ. ಆದರೂ ಗೆರೆ ಎಲ್ಲರಿಗೂ ಒಂದೇ, ಬಹಿರಂಗವಾಗಿ ಎಳೆದದ್ದು ಎಂಬುದು ಅದರ ಗುಣ. ಭಾರತದಲ್ಲೂ 2017ರಿಂದ ಆರೋಗ್ಯ ಸಂಶೋಧನಾ ಇಲಾಖೆಯಡಿ ಇಂಥದೇ ಮೌಲ್ಯಮಾಪನ ವ್ಯವಸ್ಥೆಯೊಂದು ಕೆಲಸ ಮಾಡುತ್ತಿದೆ.

ನಮ್ಮಲ್ಲಿ ಆಗಬೇಕಾದದ್ದು

ಹಾಗೆಂದು ‘ಎಷ್ಟು ಕೊಡುವಿರಿ’ ಎಂಬ ಪ್ರಶ್ನೆಯನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. ಅದನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂಬ ವಿವೇಕ ಬೇಕು. ರೋಗದ ಹೊರೆ ಎಷ್ಟು ದೊಡ್ಡದೆಂದು ಅರಿಯಲು ಅದು ಉಪಯುಕ್ತ. ಔಷಧದ ದರವನ್ನೋ, ರೋಗಿ ಕಟ್ಟಬೇಕಾದ ಪಾಲನ್ನೋ ನಿಗದಿ ಮಾಡಲು ಅದು ಸಲ್ಲದು. ನಮ್ಮ ವಿಶ್ವವಿದ್ಯಾಲಯಗಳೂ ವೈದ್ಯಕೀಯ ಕಾಲೇಜುಗಳೂ ಇಂಥ ಸಮೀಕ್ಷೆ ಕೈಗೊಳ್ಳುವಾಗ ರೂಪಾಯಿಯ ಜೊತೆಗೆ ಆದಾಯದ ಪಾಲು, ಹಣ ತರುವ ಮೂಲ, ಮನೆಯಲ್ಲಿ ನಿರ್ಧರಿಸುವವರು ಯಾರೆಂಬುದನ್ನು ದಾಖಲಿಸಬೇಕು. ಸೊನ್ನೆ ಎಂದವರನ್ನು ಹೊರಹಾಕದೆ, ಏಕೆ ಸೊನ್ನೆ ಎಂದು ಕೇಳಿ ಬರೆದುಕೊಳ್ಳಬೇಕು.

ಇನ್ನೂ ಮುಖ್ಯವಾದ ಸಂಗತಿ, ಸರ್ಕಾರಿ ವಿಮೆಯ ಆಕಾರ. ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಭರಿಸುವುದು ಆಸ್ಪತ್ರೆಗೆ ದಾಖಲಾದ ಚಿಕಿತ್ಸೆಯನ್ನು. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಅದರಲ್ಲಿ ಸೇರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ 15 ದಿನದ ಕಾಯಿಲೆಯಲ್ಲ. ಅದರ ಚಿಕಿತ್ಸೆ ನಡೆಯುವುದು ಹೊರರೋಗಿ ವಿಭಾಗದಲ್ಲಿ, ವರ್ಷಗಟ್ಟಲೆ. ಮೊದಲ ಸಾಲಿನ ಔಷಧ ಮೆಥೊಟ್ರೆಕ್ಸೇಟ್ ದುಬಾರಿಯಲ್ಲ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಆದರೆ ಅದನ್ನು ದಿನಾ ಅಲ್ಲ, ವಾರಕ್ಕೊಮ್ಮೆ ಮಾತ್ರ ನುಂಗಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಆಗಾಗ ಮಾಡಿಸುತ್ತಿರಬೇಕು. ರೋಗ ಕಾಣಿಸಿಕೊಂಡ ಆರಂಭದಲ್ಲೇ ಇದನ್ನು ಶುರುಮಾಡಿದರೆ ಅನೇಕರ ಕೀಲುಗಳು ಉಳಿಯುತ್ತವೆ. ತಡವಾದರೆ ಆದ ಹಾನಿ ಹಿಂದಿರುಗುವುದಿಲ್ಲ.

ಅಂದರೆ ಕೀಲು ಕೆಟ್ಟು ಆಸ್ಪತ್ರೆಯ ಮಂಚ ಹತ್ತಿದವರಿಗೆ ನೆರವಿನ ಬಾಗಿಲು ತೆರೆದಿದೆ. ಕೀಲು ಕೆಡದಂತೆ ಕಾಯುವ ಮಾತ್ರೆ, ಪರೀಕ್ಷೆ, ಬಸ್ಸಿನ ಖರ್ಚು ರೋಗಿಯ ತಲೆಯ ಮೇಲೇ ಉಳಿದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಔಷಧ ನಿರಂತರವಾಗಿ ಸಿಗುವಂತೆ, ರಕ್ತಪರೀಕ್ಷೆ ಅಲ್ಲೇ ಉಚಿತವಾಗಿ ಆಗುವಂತೆ, ವಾರಕ್ಕೊಮ್ಮೆ ನುಂಗಬೇಕೆಂಬುದನ್ನು ಕನ್ನಡದಲ್ಲಿ ಬರೆದು ತಿಳಿಹೇಳುವಂತೆ, ಜಿಲ್ಲೆಗೊಮ್ಮೆ ತಿಂಗಳಿಗೊಂದು ದಿನವಾದರೂ ತಜ್ಞರು ಕುಳಿತುಕೊಳ್ಳುವಂತೆ ಮಾಡುವುದು ದೊಡ್ಡ ಬಂಡವಾಳ ಬೇಡುವ ಕೆಲಸವಲ್ಲ. ಸಮೀಕ್ಷೆಯ ಅಂಕಿಗಳು ಈ ಬೇಡಿಕೆಗೆ ಬಲ ಕೊಟ್ಟರೆ ಕೇಳಿದ್ದು ಸಾರ್ಥಕ.

ಬೆರಳು ಮಡಿಸಲಾಗದ ಹೆಣ್ಣುಮಗಳೊಬ್ಬರನ್ನು ‘ಎಷ್ಟು ಕೊಡುವಿರಿ’ ಎಂದು ಕೇಳುವವರು ಕೇಳಲಿ. ಆದರೆ ಅದೇ ಪ್ರಶ್ನೆಯನ್ನು ಬಜೆಟ್ ಬರೆಯುವವರಿಗೂ ಕೇಳಬೇಕು. ಅವರ ಉತ್ತರಕ್ಕೆ ಜೇಬು ಸಣ್ಣದೆಂಬ ನೆಪವಿಲ್ಲ. ಹೊರರೋಗಿ ವಿಭಾಗದ ಔಷಧಕ್ಕೆ ಎಷ್ಟು, ಆಸ್ಪತ್ರೆಯ ಮಂಚಕ್ಕೆ ಎಷ್ಟು ಎಂದು ಅವರು ಪ್ರತಿ ವರ್ಷವೂ ಉತ್ತರ ಬರೆಯುತ್ತಲೇ ಇದ್ದಾರೆ. ಅದನ್ನು ಓದಿ ಪ್ರಶ್ನಿಸುವ ಕೆಲಸ ನಮ್ಮದು.